ಕೌದಳ್ಳಿಯ ಅವ್ವನಿಗೆ ಓದಿ ಹೇಳಿದ ಕಾಗದ

ವಿಶ್ವವಿದ್ಯಾಲಯದ ದಾನಿಗಳ ವಿಭಾಗಕ್ಕೆ ಆ ವರ್ಷ ಹೊಸದಾಗಿ ಸೇರಿದವರು ನಾವಿಬ್ಬರೇ. ನಾನು ಎಂ.ಎ. ಮುಗಿಸಿ ಎರಡು ತಿಂಗಳಾಗಿತ್ತು. ನನ್ನ ಜೊತೆಗಾರ ಗದಗದ ಕಡೆಯವನು, ಸಮಾಜಕಾರ್ಯ ಓದಿ ಬಂದಿದ್ದ. ಹಳೆಯ ವಿದ್ಯಾರ್ಥಿಗಳನ್ನು ಹುಡುಕುವುದು, ಮಾತಾಡಿಸುವುದು, ತಾವು ಓದಿದ ಜಾಗಕ್ಕೆ ಅವರು ಮನಸ್ಸಿಟ್ಟು ಏನಾದರೂ ಕೊಡುವಂತೆ ಮಾಡುವುದು ನಮ್ಮ ಕೆಲಸ. ಯಳಂದೂರಿನ ಮನೆಯಲ್ಲಿ ಅಮ್ಮನಿಗೆ ಇದನ್ನು ಎರಡು ಸಲ ಬಿಡಿಸಿ ಹೇಳಿದೆ. ಪೂರಾ ಕೇಳಿಸಿಕೊಂಡು, "ಅಂಗಾರೆ ಚಂದಾ ಎತ್ತೋ ಕೆಲ್ಸ ಅನ್ನು" ಅಂದರು. ಅಕ್ಕಪಕ್ಕದವರಿಗೆ ಮಾತ್ರ "ಯೂನಿವರ್ಸಿಟಿ ಆಫೀಸಲ್ಲವ್ಳೆ" ಎಂದಷ್ಟೇ ಹೇಳುತ್ತಿದ್ದರು.

ಮೂರನೇ ವಾರ ನಿರ್ದೇಶಕಿ ನನ್ನನ್ನು ಕರೆದು ಒಂದು ಪಟ್ಟಿ ಕೊಟ್ಟರು. ಹುಡುಗರ ಹಾಸ್ಟೆಲ್ಲಿನ ಹಳೆಯ ದಾಖಲಾತಿ ಪುಸ್ತಕದಿಂದ ಎತ್ತಿ ಬರೆದ ಹೆಸರುಗಳು ಅವು. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕು ನನ್ನ ಪಾಲಿಗೆ ಬಂದವು, ಅದೇ ಕಡೆಯವಳು ಎಂಬ ಕಾರಣಕ್ಕೆ. ಉದ್ದೇಶ ಹಾಸ್ಟೆಲ್ಲಿನ ಊಟದ ನಿಧಿ. ವಿದ್ಯಾರ್ಥಿ ವೇತನ ತಡವಾಗಿ ಬಂದಾಗ ಎಷ್ಟೋ ಹುಡುಗರಿಗೆ ಮೆಸ್ಸಿನ ದುಡ್ಡು ಕಟ್ಟಲು ಆಗುವುದಿಲ್ಲ. ಆಗ ಮೆಸ್ ಕಾರ್ಡ್ ನಿಲ್ಲಿಸುತ್ತಾರೆ. ಒಂದು ಶಾಶ್ವತ ನಿಧಿ ಕಟ್ಟಿ, ಅದರ ಬಡ್ಡಿಯಿಂದ ಅಂಥವರ ಊಟ ನಡೆಯುವ ಹಾಗೆ ಮಾಡಬೇಕಿತ್ತು. ಶೈಕ್ಷಣಿಕ ವರ್ಷದ ಕೊನೆಗೆ ನಮ್ಮಿಬ್ಬರ ಪ್ರೊಬೇಷನ್ ಪರಿಶೀಲನೆ ಇತ್ತು. ನಿಧಿ ಎಲ್ಲಿಗೆ ಬಂತು ಅನ್ನುವುದನ್ನೂ ಆಗ ನೋಡುವವರಿದ್ದರು.

"ಮೊದಲ ಭೇಟಿಯಲ್ಲಿ ದುಡ್ಡಿನ ಮಾತೇ ಬೇಡ" ಎಂದು ನಿರ್ದೇಶಕಿ ನಿಯಮ ಹಾಕಿದ್ದರು. "ಕೇಳುವುದಕ್ಕೆ ಮೊದಲು ಕೇಳಿಸಿಕೊಳ್ಳಿ." ಫೋನಿನಲ್ಲಿ ಏನು ಹೇಳಬೇಕು ಅನ್ನುವುದಕ್ಕೆ ಒಂದು ಹಾಳೆ ಇತ್ತು. ಭೇಟಿ ಮುಗಿದ ದಿನವೇ ಟಿಪ್ಪಣಿ ಬರೆಯಬೇಕು: ಅವರು ಏನು ನೆನೆದರು, ಯಾವುದಕ್ಕೆ ಮನಸ್ಸು ಕರಗಿತು, ಯಾವುದಕ್ಕೆ ಸಿಟ್ಟಾದರು, ಮುಂದೆ ಯಾವಾಗ ಮಾತಾಡಬೇಕು.

ಮೊದಲ ತಿಂಗಳು ಆ ಹಾಳೆ ಏನೂ ಉಪಯೋಗಕ್ಕೆ ಬರಲಿಲ್ಲ. ಅರ್ಧಕ್ಕರ್ಧ ನಂಬರುಗಳು ಸತ್ತಿದ್ದವು. ಎತ್ತಿದವರು, ವಿಶ್ವವಿದ್ಯಾಲಯದಿಂದ ಅನ್ನುತ್ತಿದ್ದ ಹಾಗೇ "ಓಟಿಪಿ ಗೀಟಿಪಿ ಕೊಡಾಕಿಲ್ಲ ಕಣಮ್ಮ" ಎಂದು ಇಟ್ಟುಬಿಡುತ್ತಿದ್ದರು. ಆಮೇಲೆ ಫೋನ್ ಬಿಟ್ಟು ಬಸ್ಸು ಹಿಡಿದೆ. ಮುಳ್ಳೂರಿನಲ್ಲಿ ಒಬ್ಬರು ಜಗಲಿಯ ಮೇಲೆ ಕೂರಿಸಿ, ನೀರು ಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಕಾದು ಆಮೇಲೆ ಬೈದರು. "ಮಾರ್ಕ್ಸ್ ಕಾರ್ಡ್‌ಗೆ ಎಷ್ಟು ಸಲ ಅಲೆಸಿದ್ರಿ ಗೊತ್ತಾ? ಬಸ್ ಚಾರ್ಜಿಗೆ ನಮ್ಮಪ್ಪ ಕುರಿ ಮಾರ್ದ. ಈಗ ನೆಪ್ಪಾದ್ವಾ ನಾವು?" ಅವರು ಹೇಳಿದ್ದನ್ನೆಲ್ಲ ಎದುರಿಗೇ ಬರೆದುಕೊಂಡೆ. ಬರೆಯುವುದನ್ನು ನೋಡಿ ಅವರ ದನಿ ಸ್ವಲ್ಪ ಇಳಿಯಿತು, ಅಷ್ಟೆ.

ಕೊಳ್ಳೇಗಾಲದಲ್ಲಿ ಮೊದಲ ಬಾಗಿಲು ತೆರೆಯಿತು. ರೇಷ್ಮೆ ನೇಯುವ ಮನೆತನದವರು, ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಮತ್ತೆ ಮಗ್ಗಕ್ಕೇ ಬಂದವರು. ಲಾಳಿ ಓಡಿಸುತ್ತಲೇ ಮಾತಾಡುತ್ತಿದ್ದರು, ನನ್ನ ಕಡೆ ತಿರುಗಲೂ ಇಲ್ಲ. ಹಾಸ್ಟೆಲ್ಲಿನಲ್ಲಿ ಏನು ನೆನಪಿದೆ ಎಂದು ಕೇಳಿದೆ. ಮಗ್ಗದ ಸದ್ದು ನಿಂತಿತು.

"ಅವ್ವ" ಅಂದರು. "ಅಡುಗೆ ಮನೇಲಿದ್ರು. ಕೌದಳ್ಳಿಯವ್ರು. ಒಂದು ಸಲ ನಂದು ಕಾರ್ಡ್ ಕಟ್ಟಾಗಿತ್ತು ಕಣಮ್ಮ. ಊಟದ ಹೊತ್ತಿಗೆ ಲೈಬ್ರರೀಲಿ ಹೋಗಿ ಕೂತ್ಕೊಳ್ತಿದ್ದೆ. ಮೂರ್ನೇ ದಿನ ಅವ್ವ ಬಾಗಿಲಲ್ಲಿ ನಿಂತು, 'ಲೇ, ಬಾ ಇಲ್ಲಿ, ಒಬ್ಳೆ ಕೈಲಿ ಪಾತ್ರೆ ಎತ್ತಾಕಾಗ್ನಿಲ್ಲ' ಅಂದ್ರು. ಪಾತ್ರೆ ಎತ್ತಿಟ್ಟೆ. ತಟ್ಟೆ ಮುಂದಿಟ್ರು. ಕೆಲಸ ಮಾಡಿದ್ನಲ್ಲ, ಉಣ್ಣಾಕೆ ನಾಚಿಕೆ ಆಗ್ಲಿಲ್ಲ. ಒಂದು ತಿಂಗಳು ಹಂಗೇ ನಡೀತು. ಆ ಪಾತ್ರೇನ ಅವ್ರು ಒಂದೇ ಕೈಲಿ ಎತ್ತೋರು ಅಂತ ಆಮೇಲೆ ನೋಡ್ದೆ."

ಅಷ್ಟು ಹೇಳಿ ಮತ್ತೆ ಲಾಳಿಗೆ ಕೈ ಹಾಕಿದರು. ನಾನೂ ಏನೂ ಕೇಳದೆ ಎದ್ದು ಬಂದೆ.

ಯಳಂದೂರಿನ ನಿವೃತ್ತ ಮೇಷ್ಟ್ರೊಬ್ಬರು, ಹನೂರಿನ ಗೊಬ್ಬರದ ಅಂಗಡಿಯವರೊಬ್ಬರು, ಹೀಗೆ ಭೇಟಿ ನಡೆಯಿತು. ಟಿಪ್ಪಣಿಗಳನ್ನು ಕಂಪ್ಯೂಟರಿಗೆ ಹಾಕುತ್ತಿದ್ದ ಜೊತೆಗಾರ ಒಂದು ಮಧ್ಯಾಹ್ನ ತಲೆಯೆತ್ತಿದ. "ಈ ಅವ್ವ ಯಾರವಾ? ಒಬ್ಬರೂ ಪ್ರೊಫೆಸರ್ ಹೆಸರು ಹೇಳಿಲ್ಲ, ಎಲ್ಲಾರೂ ಆಕಿ ಬಗ್ಗೇನ ಹೇಳ್ಯಾರಲ್ಲ."

ಅವರು ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ವಿದ್ಯಾರ್ಥಿಯಲ್ಲ, ದಾನಿಯಲ್ಲ; ಹುಡುಕಲು ಆಫೀಸಿನಲ್ಲಿ ಒಂದು ಖಾನೆಯೂ ಇರಲಿಲ್ಲ. ನಿರ್ದೇಶಕಿಗೆ ಹೇಳಿದೆ. "ಇದ್ದರೆ ಹೋಗಿ ನೋಡಿ" ಅಂದರು.

ಇದ್ದರು. ಹನೂರು ದಾಟಿ ಬೆಟ್ಟದ ಬಸ್ಸಿನಲ್ಲಿ ಕೌದಳ್ಳಿಗೆ ಹೋಗಿ, ಎರಡು ಅಂಗಡಿಯಲ್ಲಿ ವಿಚಾರಿಸಿದ್ದೇ ತಡ, ರಸ್ತೆ ಬದಿಯ ಒಂದು ಚಿಕ್ಕ ಹೋಟೆಲ್ ತೋರಿಸಿದರು. ಮಗಳು ನಡೆಸುವ ಹೋಟೆಲ್ಲು. ಅವ್ವ ಒಳಬಾಗಿಲ ಪಕ್ಕದಲ್ಲಿ ಈಳಿಗೆಮಣೆ ಮುಂದೆ ಕೂತು, ಈರುಳ್ಳಿ ಹೆಚ್ಚುತ್ತ, ಮಗಳಿಗೂ ಗಿರಾಕಿಗಳಿಗೂ ಅಲ್ಲಿಂದಲೇ ಹುಕುಂ ಮಾಡುತ್ತಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು. ನಾನು ಬಂದ ಕಾರಣ ಹೇಳುವ ಮೊದಲೇ, "ಯಾವೂರು ಕೂಸೇ?" ಅಂದರು. ಯಳಂದೂರು ಅಂದೆ. "ಉಂಡ್ಯಾ?" ಅಂದರು. ಇಲ್ಲ ಅನ್ನುವುದರೊಳಗೆ ಎಲೆ ಬಿತ್ತು.

ಅವರಿಗೆ ಹುಡುಗರ ಹೆಸರುಗಳು ನೆನಪಿರಲಿಲ್ಲ. ಯಾರು ಏನು ಉಣ್ಣುತ್ತಿದ್ದರು ಅನ್ನುವುದು ನೆನಪಿತ್ತು. ಕೊಳ್ಳೇಗಾಲದವರ ಬಗ್ಗೆ ಹೇಳಿದಾಗ ನಕ್ಕರು. "ಮುದ್ದೆ ಅಗಿಯೋನು ಅವ್ನು. ಮುದ್ದೆ ನುಂಗ್ಬೇಕು ಕಣ್ಲಾ ಅಂತ ನಾನೇ ಕಲ್ಸಿದ್ದು. ಚೆಂದಾಗವ್ನಾ?"

ಮಗಳು ಲೋಟ ತೊಳೆಯುತ್ತ ಮಾತು ಸೇರಿಸಿದರು. "ನಮ್ಮಪ್ಪ ತೀರೋದ್ಮೇಲೆ ನಾವ್ ಮೂರ್ ಜನವೂ ಆ ಹಾಸ್ಟೆಲ್ ಅನ್ನದಲ್ಲೇ ಬೆಳ್ದೋರು. ಆ ವಾರ್ಡನ್ ಸಾಯೇಬ್ರು ದೇವ್ರಂತೋರು. ದಿನಾ ನಮ್ಗೆ ಅಂತ ಅನ್ನ ಕೊಟ್ಟು ಕಳ್ಸೋರು."

ಅವ್ವ ಈರುಳ್ಳಿ ಹೆಚ್ಚುತ್ತಲೇ ಇದ್ದರು. ಮಗಳು ಹಾಲು ತರಲು ಹೋದ ಮೇಲೆ ಈಳಿಗೆ ಬದಿಗಿಟ್ಟು, ಕೈ ಒರೆಸಿಕೊಂಡು, ಸಣ್ಣ ದನಿಯಲ್ಲಿ ಹೇಳಿದರು. ವಾರ್ಡನ್ ಒಂದು ದಿನವೂ ಕೊಟ್ಟಿರಲಿಲ್ಲ. ಉಳಿದ ಅನ್ನವನ್ನು ಅವ್ವನೇ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಒಂದು ಸಂಜೆ ಅದೇ ವಾರ್ಡನ್ ಗೇಟಿನಲ್ಲಿ ನಿಲ್ಲಿಸಿ, ಹುಡುಗರ ಎದುರಿಗೇ ಸೆರಗು ಬಿಚ್ಚಿಸಿ ಅನ್ನ ಸುರಿಸಿದರು.

"ಮಾರ್ನೇ ದಿನವೂ ಓದೆ ಕೆಲ್ಸಕ್ಕೆ" ಅಂದರು. "ಐಕ್ಳು ಉಣ್ಬೇಕಲ್ಲ. ನಮ್ಮೋಳ್ಗೆ ಸಾಯೇಬ್ರೇ ಕೊಟ್ರು ಅಂತ ಏಳಿದ್ದೆ. ಅಂಗೇ ನಂಬ್ಕಂಡವ್ಳೆ. ಇರ್ಲಿ."

ಯಾಕೆ ನನಗೆ ಹೇಳಿದರೋ ಗೊತ್ತಿಲ್ಲ. ಅವರ ಕೈಯಲ್ಲಿ ಉಂಡಿದ್ದೆ, ಬಸ್ಸು ಹತ್ತಿ ಹೋಗುವವಳು ಬೇರೆ, ಅದಕ್ಕೇ ಇರಬೇಕು.

ನನ್ನ ಬ್ಯಾಗಿನಲ್ಲಿ ಅನುಮತಿ ಪತ್ರ ಇತ್ತು. ವ್ಯಕ್ತಿಯ ಹೆಸರು, ಚಿತ್ರ, ಮಾತುಗಳನ್ನು ನಿಧಿಸಂಗ್ರಹಕ್ಕೆ ಬಳಸಲು ಒಪ್ಪಿಗೆ ಇದೆ ಎಂದು ಬರೆದ ಒಂದು ಪುಟ. ಹಳೆಯ ಹುಡುಗರಿಗೆ ನಿಮ್ಮ ವಿಷಯ ಬರೆಯುತ್ತೇವೆ ಅವ್ವ ಅಂದೆ. "ಬರ್ಕೊ" ಎಂದು ಹೆಬ್ಬೆಟ್ಟು ಒತ್ತಿದರು. ಆ ಪುಟವನ್ನು ನಾನು ಓದಿ ಹೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಮನವಿ ಪತ್ರ ಬರೆಯುವ ಕೆಲಸ ನನಗೇ ಬಂತು. ಮೂರು ಸಲ ತಿದ್ದಿದೆ. "ಬಡ, ಅನಕ್ಷರಸ್ಥ ವಿಧವೆ" ಎಂದು ಶುರು ಮಾಡಿ, ಗೇಟಿನ ಆ ಸಂಜೆಯನ್ನು ನಟ್ಟನಡುವೆ ಇಟ್ಟೆ. ಸೆರಗಿನಿಂದ ಅನ್ನ ನೆಲಕ್ಕೆ ಸುರಿಯುವ ಸಾಲು ಬರೆದು ಮುಗಿಸಿದಾಗ ನನಗೇ ಕಣ್ಣು ತುಂಬಿತು. ಒಳ್ಳೆಯ ಸಾಲು ಅನ್ನಿಸಿತು, ಹೆಮ್ಮೆಯೂ ಆಯಿತು. ನಿರ್ದೇಶಕಿ ಓದಿ, ಅನುಮತಿ ಪತ್ರ ಲಗತ್ತಾಗಿದೆಯೇ ಎಂದು ನೋಡಿ, ಮುದ್ರಣಕ್ಕೆ ಸಹಿ ಹಾಕಿದರು. ಆ ಹಾಸ್ಟೆಲ್ಲಿನಲ್ಲಿ ಇದ್ದು ವಿಳಾಸ ಸಿಕ್ಕ ಎಲ್ಲರಿಗೂ ಕಳಿಸುವುದೆಂದು ತೀರ್ಮಾನವಾಯಿತು. ಸಾವಿರಕ್ಕೂ ಮೇಲೆ ಲಕೋಟೆಗಳು.

ಅಂಚೆಗೆ ಹಾಕುವ ಹಿಂದಿನ ದಿನ ನಾವಿಬ್ಬರೂ ಉದ್ದದ ಮೇಜಿನ ಎದುರು ಬದುರು ಕೂತು ವಿಳಾಸದ ಚೀಟಿಗಳನ್ನು ಅಂಟಿಸುತ್ತಿದ್ದೆವು. ಕೊನೆಯ ಹಾಳೆಯಲ್ಲಿ ಗೌರವ ಪ್ರತಿಗಳ ವಿಳಾಸಗಳು ಇದ್ದವು. ಒಂದು ಚೀಟಿಯ ಮೇಲೆ ಅವ್ವನ ಹೆಸರು, ಹೋಟೆಲ್ಲು, ಕೌದಳ್ಳಿ. ಅಂಟಿಸಿ ಬೆರಳಿನಿಂದ ಒತ್ತಿದೆ. ಅವ್ವನಿಗೆ ಓದಲು ಬರುವುದಿಲ್ಲ, ಯಾರು ಓದಿ ಹೇಳುತ್ತಾರೆ ಅನ್ನುವ ಯೋಚನೆ ಆಗ ಬಂತು. ಮಗಳು ಓದುತ್ತಾರೆ. ಗಿರಾಕಿಗಳ ಮುಂದೆ, ಸಂಭ್ರಮದಿಂದ, ಗಟ್ಟಿಯಾಗಿ ಓದುತ್ತಾರೆ.

ಆ ಲಕೋಟೆಯನ್ನು ಬದಿಗಿಟ್ಟೆ. ಜೊತೆಗಾರನಿಗೆ ಹೇಳಿದೆ. ಅವನು ಅಂಟಿನ ಡಬ್ಬಿಯ ಮುಚ್ಚಳ ಹಾಕಿ, "ನಡಿ, ಮೇಡಮ್ ಕಡೆ ಹೋಗೂಣು" ಅಂದ.

ನಿರ್ದೇಶಕಿ ಕಡತ ಎಳೆದುಕೊಂಡರು. "ಅನುಮತಿ ಇದೆಯಲ್ಲ?"

"ಇದೆ ಮೇಡಂ. ಆದರೆ ಅವರಿಗೆ ಏನನ್ನೂ ಓದಿ ಹೇಳಿಲ್ಲ. ಪತ್ರವನ್ನೂ ಓದಿ ಹೇಳಿಲ್ಲ."

"ಮುದ್ರಣ ಆಗಿದೆ. ನಾಳೆ ತಪ್ಪಿದರೆ ಪರೀಕ್ಷೆಯ ರಜೆಗೆ ಮೊದಲು ಯಾರಿಗೂ ತಲುಪುವುದಿಲ್ಲ. ನಿಮ್ಮ ಪರಿಶೀಲನೆಯೂ ಹತ್ತಿರವಿದೆ."

"ಗೊತ್ತು ಮೇಡಂ. ನಾಳೆ ಹೋಗಿ ಓದಿ ಹೇಳಿ ಬರ್ತೀನಿ. ಅವರು ಬೇಡ ಅಂದರೆ ಈ ಪತ್ರ ಹೋಗಬಾರದು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೋಗಿ ಬನ್ನಿ. ಬೇಡ ಅಂದರೆ ನಷ್ಟಕ್ಕೆ ವಿವರಣೆಯನ್ನು ನೀವೇ ಬರೆದುಕೊಡಬೇಕಾಗುತ್ತೆ. ನಾನೂ ಓದದೆ ಸಹಿ ಹಾಕಿದ್ದಲ್ಲ, ಓದಿಯೇ ಹಾಕಿದ್ದೆ. ನನಗೂ ಹೊಳೆಯಲಿಲ್ಲ."

ಮರುದಿನ ಹೋಟೆಲ್ಲಿನಲ್ಲಿ ಬೆಟ್ಟಕ್ಕೆ ಹೋಗುವವರ ಗುಂಪು ತಿಂಡಿಗೆ ಕೂತಿತ್ತು. ಸ್ವಲ್ಪ ಹಿಂದಕ್ಕೆ ಬನ್ನಿ ಅವ್ವ ಅಂದೆ. ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತರು. ನಾನು ಕೆಳಗೆ ಕೂತು ಕಾಗದ ಬಿಚ್ಚಿದೆ.

"ಬಡ" ಅನ್ನುವಲ್ಲಿಗೇ ತಡೆದರು. "ಯಾರು ಬಡವಿ? ಮೂವತ್ತೊರ್ಸ ಸಂಬ್ಳ ತಕಂಡೋಳು ನಾನು. ಮೂರ್ ಮಕ್ಳ ಮದ್ವೆ ಮಾಡಿವ್ನಿ."

ಮುಂದೆ ಓದಿದೆ. ಸೆರಗಿನ ಸಾಲು ಬಂದಾಗ ನನ್ನ ದನಿ ತಾನೇ ಇಳಿಯಿತು. ಅವ್ವ ಕೈ ಎತ್ತಿದರು. ಒಳಗಿನಿಂದ ಮಗಳು ಯಾರಿಗೋ ಚಟ್ನಿ ಬೇಕಾ ಎಂದು ಕೇಳುವುದು ಕೇಳಿಸುತ್ತಿತ್ತು.

"ಅದ ನಿಂಗೇಳ್ದೆ ಕೂಸೇ" ಅಂದರು. "ಕಾಗ್ದಕ್ಕೆ ಏಳ್ನಿಲ್ಲ."

ತಪ್ಪಾಯ್ತು ಅವ್ವ ಅಂದೆ.

"ಏಸ್ ಜನಕ್ಕೆ ಒಯ್ತು?"

"ಒಂದೂ ಓಗಿಲ್ಲ ಅವ್ವ. ಎಲ್ಲಾ ಆಫೀಸಲ್ಲೇ ಅವೆ. ಇದ ಇಲ್ಲೇ ಅರಿದಾಕ್ತೀನಿ."

ಹರಿದೆ. ಚೂರುಗಳನ್ನು ಅವರೇ ನನ್ನ ಕೈಯಿಂದ ತೆಗೆದುಕೊಂಡು ನೀರೊಲೆಯ ಬೆಂಕಿಗೆ ಹಾಕಿ ಬಂದರು. ಬಂದು ಕೂತು, ಸೀರೆಯ ಅಂಚು ಸರಿಮಾಡಿಕೊಂಡು ಕೇಳಿದರು: "ಅದ್ಸರಿ, ಈ ಕಾಸು ಯಾತಕ್ಕೆ?"

ಆಗ ಗೊತ್ತಾಯಿತು, ಅವರ ಕಥೆಯನ್ನೆಲ್ಲ ಕೇಳಿಸಿಕೊಂಡಿದ್ದ ನಾನು ನಮ್ಮ ಕೆಲಸವನ್ನು ಅವರಿಗೆ ಒಂದು ಮಾತಿನಲ್ಲೂ ಹೇಳಿರಲಿಲ್ಲ. ವಿದ್ಯಾರ್ಥಿ ವೇತನ ತಡವಾಗುವುದು, ಮೆಸ್ಸಿನ ಬಾಕಿ, ಕಾರ್ಡ್ ನಿಲ್ಲಿಸುವುದು ಎಲ್ಲ ಹೇಳಿದೆ. ಅವರ ಮುಖ ಬಿಗಿಯಿತು. ತಮ್ಮ ಮಾತು ಕಾಗದಕ್ಕೆ ಹೋದಾಗಲೂ ಬಾರದ ಸಿಟ್ಟು ಈಗ ಬಂತು.

"ಈಗ್ಲೂ ಕಾರ್ಡ್ ಕಟ್ ಮಾಡ್ತಾರಾ?"

"ಮಾಡ್ತಾರೆ ಅವ್ವ."

"ಈಗ್ಲೂ ಐಕ್ಳು ಉಣ್ಣೋ ಒತ್ನಲ್ಲಿ ಲೈಬ್ರರಿಗೆ ಓಯ್ತವಾ?"

"ಓಯ್ತವೆ."

"ಪೆನ್ನು ಅದಾ? ಬರಿ" ಅಂದರು.

ಅವರು ಹೇಳಿದರು, ನಾನು ಬರೆದೆ. ಒಂದು ಪುಟವೂ ಆಗಲಿಲ್ಲ. ಕೊನೆಯಲ್ಲಿ ಎರಡು ಸಲ ಓದಿಸಿ ಕೇಳಿದರು. ಒಂದು ಕಡೆ "ದಯವಿಟ್ಟು" ಎಂದು ನಾನು ಸೇರಿಸಿದ್ದೆ. "ನಾನು ಅಂಗಂದ್ನಾ? ತೆಗಿ" ಅಂದರು. ತೆಗೆದೆ. ಅದು ಹೀಗಿತ್ತು:

"ಹಾಸ್ಟೆಲ್ ಅಡುಗೆ ಮನೇಲಿದ್ದೋಳು, ಕೌದಳ್ಳಿಯೋಳು ಬರ್ಸಿದ್ದು. ಎಲ್ರೂ ಚೆಂದಾಗಿದ್ದೀರಾ? ನಿಮ್ಮೆಸ್ರು ನಂಗೆ ಗ್ಯಾನ ಇಲ್ಲ, ಮೊಕ ಕಂಡ್ರೆ ಗೊತ್ತಾಯ್ತದೆ. ನಿಮ್ಮಲ್ಲಿ ಕೆಲವ್ರಿಗೆ ಕಾರ್ಡ್ ಕಟ್ಟಾಗಿತ್ತು. ಯಾರ್ಗೆ ಅಂತ ನಾನೇಳಾಕಿಲ್ಲ. ನಿಮ್ಗೇ ಗೊತ್ತು. ಈಗ್ಲೂ ಐಕ್ಳು ಅಂಗೇ ಉಣ್ಣೋ ಒತ್ನಲ್ಲಿ ತಲೆ ಮರೆಸ್ಕಂಡು ತಿರುಗ್ತವಂತೆ. ನಾನೀಗ ಅಲ್ಲಿಲ್ಲ. ನೀವು ನೋಡ್ಕಳಿ."

ಮಧ್ಯಾಹ್ನವೇ ಆಫೀಸಿಗೆ ಮರಳಿದೆ. ನಿರ್ದೇಶಕಿ ಆ ಪುಟವನ್ನು ನಿಂತುಕೊಂಡೇ ಓದಿದರು, ಮತ್ತೆ ಕೂತು ಓದಿದರು. "ಒಂದಕ್ಷರ ಮುಟ್ಟಬೇಡಿ. ನಿಮ್ಮ ಕೈಬರಹದಲ್ಲೇ ಇರಲಿ" ಅಂದರು. ಕೆಳಗೆ ನಿಧಿಯ ವಿವರ, ಹಣ ಕಳಿಸುವ ಬಗೆ ಎರಡು ಸಾಲು, ಅಷ್ಟೇ. ಹಳೆಯ ಪತ್ರಗಳನ್ನು ಲಕೋಟೆಯಿಂದ ತೆಗೆದು ಯಂತ್ರಕ್ಕೆ ಹಾಕಿ ಚೂರು ಮಾಡಲು ನಮಗೆ ಎರಡು ದಿನ ಬೇಕಾಯಿತು. ಜೊತೆಗಾರ ಒಂದು ಸಲವೂ ಗೊಣಗಲಿಲ್ಲ. ನಾನು ವಿವರಣೆ ಬರೆದುಕೊಟ್ಟೆ. ತಪ್ಪು ಯಾರದು ಅನ್ನುವ ಜಾಗದಲ್ಲಿ ನನ್ನ ಹೆಸರು ಬರೆದೆ. ಪರಿಶೀಲನೆಯಲ್ಲಿ ಅವನು ಖಾಯಂ ಆದ, ನನ್ನ ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ ಹೋಯಿತು. ನ್ಯಾಯವೇ ಅನ್ನಿಸಿತು, ಆದರೂ ಅಮ್ಮನಿಗೆ ಹೇಳಲು ಒಂದು ವಾರ ಬೇಕಾಯಿತು.

ಪತ್ರ ಹೋದ ಮೇಲೆ ಒಂದು ವಾರ ಫೋನ್ ಸುಮ್ಮನಿತ್ತು. ಆಮೇಲೆ ಶುರುವಾಯಿತು. ಮೊದಲು ಕರೆ ಮಾಡಿದವರು ಯಾರೂ ಹಣದ ಬಗ್ಗೆ ಮಾತಾಡಲಿಲ್ಲ. "ಅವ್ವ ಇನ್ನೂ ಇದ್ದಾರಾ?" ಎಂದು ಕೇಳುತ್ತಿದ್ದರು. ಒಬ್ಬರು ಅಷ್ಟು ಕೇಳಿ, ಇದ್ದಾರೆ ಅಂದ ಮೇಲೆ, ಫೋನ್ ಇಟ್ಟು ಒಂದು ಗಂಟೆಯ ನಂತರ ಮತ್ತೆ ಮಾಡಿದರು. ಕೆಲವರು ನೇರ ಕೌದಳ್ಳಿಗೇ ಹೋದರು. ಅದರ ದೂರು ನನಗೆ ಬಂತು. "ಏನ್ ಕೂಸೇ, ಕಾರಲ್ಲಿ ಬತ್ತವೆ, ಕಾಲಿಗ್ ಬೀಳ್ತವೆ, ಅಳ್ತವೆ. ಯಾಪಾರ ಮಾಡಾಕೇ ಬಿಡ್ನಿಲ್ಲ ಇವತ್ತು" ಎಂದು ಅವ್ವ ಫೋನಿನಲ್ಲಿ ಬೈದರು. ದನಿಯಲ್ಲಿ ಖುಷಿಯಿತ್ತು.

ನಿಧಿ ನಾವು ಅಂದುಕೊಂಡಷ್ಟು ತುಂಬಲಿಲ್ಲ. ಆದರೆ ಶುರು ಮಾಡುವಷ್ಟು ಬಂತು. ನಿಯಮ ಬರೆಯುವಾಗ ಒಂದು ತೊಡಕಾಯಿತು. ನೆರವು ಪಡೆದವರ ಹೆಸರನ್ನು ಮೆಸ್ಸಿನ ಬೋರ್ಡಿನಲ್ಲಿ ಹಾಕುವುದು, ಅವರ ಫೋಟೋ ದಾನಿಗಳಿಗೆ ಕಳಿಸುವುದು ಬೇರೆ ನಿಧಿಗಳಲ್ಲಿ ಮೊದಲಿಂದ ಬಂದ ಪದ್ಧತಿ. ಇದನ್ನು ಅವ್ವನಿಗೆ ಓದಿ ಹೇಳಿದೆ. ಈಗೀಗ ಎಲ್ಲವನ್ನೂ ಓದಿ ಹೇಳುತ್ತಿದ್ದೆ.

"ಬೋರ್ಡಲ್ಲಿ ಎಸ್ರಾಕಿದ್ರೆ ಅದು ಊಟ್ವಾ?" ಅಂದರು.

ಅದನ್ನು ಸಭೆಯಲ್ಲಿ ಹಾಗೆಯೇ ಹೇಳಿದೆ. ಹಣಕಾಸು ಅಧಿಕಾರಿ ಲೆಕ್ಕ ತಪಾಸಣೆಗೆ ಹೆಸರು ಬೇಕೇ ಬೇಕು ಅಂದರು. ಕೊನೆಗೆ, ಹೆಸರುಗಳು ಅವರ ಬೀರುವಿನ ಒಂದು ಕಡತದಲ್ಲಿ ಮಾತ್ರ ಇರಬೇಕು, ದಾನಿಗಳಿಗೂ, ವಾರ್ಡನ್‌ಗೂ, ನಮ್ಮ ವಿಭಾಗಕ್ಕೂ ತಿಳಿಯಬಾರದು, ಕಾರ್ಡಿನ ಬಣ್ಣವೂ ಬೇರೆ ಇರಬಾರದು ಎಂದು ಬರೆದೆವು. ದಾನಿಗಳಿಗೆ ಏನು ತೋರಿಸುವುದು ಎಂದು ಯಾರೋ ಕೇಳಿದರು. ಏನೂ ತೋರಿಸುವುದಿಲ್ಲ ಎಂದು ನಿರ್ದೇಶಕಿ ಹೇಳಿದರು.

ಹೊಸ ವರ್ಷದ ತರಗತಿಗಳು ಶುರುವಾಗಿ ನಿಧಿಯಿಂದ ಊಟ ನಡೆಯತೊಡಗಿದ ಮೊದಲ ವಾರ ನಾನು ಮಧ್ಯಾಹ್ನ ಹಾಸ್ಟೆಲ್ಲಿನ ಊಟದ ಮನೆಗೆ ಹೋಗಿ ಬಾಗಿಲ ಬಳಿ ನಿಂತೆ. ಹುಡುಗರು ತಟ್ಟೆ ಹಿಡಿದು ಸಾಲಾಗಿ ಬರುತ್ತಿದ್ದರು. ತಳ್ಳಾಡುತ್ತಿದ್ದರು, ಮೊಬೈಲ್ ನೋಡುತ್ತಿದ್ದರು, ಬಡಿಸುವವನ ಜೊತೆ ಇನ್ನೊಂದು ಮುದ್ದೆಗೆ ಜಗಳವಾಡುತ್ತಿದ್ದರು. ಮುಖಗಳನ್ನು ಒಂದೊಂದಾಗಿ ನೋಡಿದೆ. ಯಾರು ಆ ನಿಧಿಯವರು, ಯಾರಲ್ಲ ಎಂದು ಕೊನೆಯವರೆಗೂ ತಿಳಿಯಲಿಲ್ಲ.

ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿದೆ. "ಎಲ್ರೂ ಉಣ್ತಾವ್ರೆ ಅವ್ವ. ಯಾರು ಅಂತ ನಂಗೂ ಗೊತ್ತಾಯ್ತಿಲ್ಲ."

ಆ ಕಡೆ ಹೋಟೆಲ್ಲಿನ ಗದ್ದಲ ಕೇಳಿಸಿತು.

"ಏನ್ ಸಾರು ಮಾಡವ್ರೆ?" ಅಂದರು.

"ಉಳ್ಳಿಕಾಳು."

"ನೆನಾಕಿ ಬೇಯ್ಸವ್ರಾ, ಇಲ್ಲಾ ಅಂಗೇ ಸುರ್ದವ್ರಾ?"

ನನಗೆ ಗೊತ್ತಿರಲಿಲ್ಲ. ಹುಡುಗರ ಸಾಲಿನ ನಡುವೆ ದಾರಿ ಮಾಡಿಕೊಂಡು ಅಡುಗೆ ಮನೆಗೆ ಹೋಗಿ, ಒಲೆಯ ಮುಂದಿದ್ದ ಅಡುಗೆಯವರ ಕೈಗೆ ಫೋನ್ ಕೊಟ್ಟೆ. ಅವರು ಸೌಟು ಹಿಡಿದುಕೊಂಡೇ, ಯಾರೆಂದು ಕೇಳದೆ, "ರಾತ್ರೀನೇ ನೆನಾಕಿದ್ವಿ ಕಣವ್ವ" ಎಂದು ಹೇಳತೊಡಗಿದರು.